ಮುತ್ತು ಬೆಳೆದ ಮಿಕಿಮೊಟೊ

ಮುತ್ತಿನ ಮಾತು ಬಂದರೆ ನಮ್ಮ ಹಿರಿಯರು ಸ್ವಾತಿ ಮಳೆಯನ್ನು ನೆನೆಯುತ್ತಾರೆ. ಸ್ವಾತಿಯ ಹನಿಯೊಂದು ಬಾಯ್ದೆರೆದ ಚಿಪ್ಪಿನೊಳಗೆ ಬಿದ್ದರೆ ಅದೇ ಮುತ್ತಾಗುವುದೆಂಬುದು ನಮ್ಮ ನಾಡಿನ ಹಳೆಯ ನಂಬಿಕೆ. ವಿಜಯನಗರದ ಪೇಟೆಯಲ್ಲಿ ಮುತ್ತುರತ್ನಗಳನ್ನು ಬಳ್ಳದಿಂದ ಅಳೆದು ಮಾರುತ್ತಿದ್ದರೆಂಬ ಮಾತನ್ನು ನಾವೆಲ್ಲರೂ ಪ್ರಾಥಮಿಕ ಶಾಲೆಯಲ್ಲಿಯೇ ಕೇಳಿದ್ದೇವೆ. ಆದರೆ ಆ ಮುತ್ತು ಯಾವ ಕಡಲಿನಿಂದ ಬಂದಿತು, ಆ ಕಡಲಿನ ತಳ ಯಾರ ಸ್ವತ್ತು, ಅಲ್ಲಿ ಮುಳುಗಿ ಚಿಪ್ಪನ್ನು ತೆಗೆಯುವ ಹಕ್ಕು ಯಾರದು ಎಂಬ ಪ್ರಶ್ನೆಗಳನ್ನು ನಾವು ಕೇಳುವುದು ಅಪರೂಪ. ಈ ಪ್ರಶ್ನೆಗಳಿಗೆ ರಾಜರೂ ನ್ಯಾಯಶಾಸ್ತ್ರಜ್ಞರೂ ಶತಮಾನಗಳ ಕಾಲ ಉತ್ತರ ಹೇಳುತ್ತ ಬಂದರು. ಕಾವಲು ದೋಣಿಗಳನ್ನಿಟ್ಟು ಮುತ್ತಿನ ನೆಲೆಗಳನ್ನು ಪರದೇಶೀಯರಿಂದ ಕಾಪಾಡಿದರು. ಕೊನೆಗೆ ಆ ನೆಲೆಗಳ ಬೆಲೆಯನ್ನೇ ಇಳಿಸಿದವನು ಯಾವ ಗಡಿಯನ್ನೂ ದಾಟಿ ಬರಲಿಲ್ಲ. ಅವನು ಜಪಾನಿನ ಒಂದು ಸಣ್ಣ ಊರಿನಲ್ಲಿ ಶ್ಯಾವಿಗೆಯ ಅಂಗಡಿಯವನ ಮಗನಾಗಿ ಹುಟ್ಟಿದ ಕೋಕಿಚಿ ಮಿಕಿಮೊಟೊ. ಅವನ ಬಾಳಿನ ಕಥೆಯನ್ನು ನನ್ನ ತಿಳಿವಿಗೆ ನಿಲುಕಿದಷ್ಟು ಇಲ್ಲಿ ನಿವೇದಿಸುತ್ತೇನೆ.

ಮಿಕಿಮೊಟೊ 1858ರ ಜನವರಿ 25ರಂದು ಟೋಬಾ ಎಂಬ ಕಡಲತೀರದ ಊರಿನಲ್ಲಿ ಜನಿಸಿದನು. ಇದು ಇಂದಿನ ಮಿಯೆ ಪ್ರಾಂತದಲ್ಲಿದೆ. ತಂದೆಗೆ ಗೋದಿಯ ದಪ್ಪ ಶ್ಯಾವಿಗೆಯನ್ನು ಬೇಯಿಸಿ ಮಾರುವ ಕಸುಬು. ಮನೆಯಲ್ಲಿ ಬಡತನ, ಮಕ್ಕಳಲ್ಲಿ ಇವನೇ ಹಿರಿಯ. ಆದುದರಿಂದ ಶಾಲೆಯ ಓದು ಹೆಚ್ಚೇನೂ ನಡೆಯಲಿಲ್ಲ. ಹುಡುಗನಾಗಿರುವಾಗಲೇ ತರಕಾರಿಯನ್ನು ಹೊತ್ತು ಮಾರತೊಡಗಿದನು. ಒಮ್ಮೆ ಬ್ರಿಟಿಷ್ ಯುದ್ಧನೌಕೆಯೊಂದು ಟೋಬಾ ಬಂದರಿಗೆ ಬಂದಾಗ, ಮಲಗಿಕೊಂಡು ಕಾಲಿನಿಂದ ವಸ್ತುಗಳನ್ನು ತಿರುಗಿಸುವ ಆಟವನ್ನು ತೋರಿಸಿ ನಾವಿಕರನ್ನು ನಗಿಸಿ, ಹಡಗನ್ನೇರಿ ತನ್ನ ಸರಕನ್ನು ಮಾರಿಬಂದನೆಂದು ಅವನ ಚರಿತ್ರೆಕಾರರು ಹೇಳುತ್ತಾರೆ. ಕೊಳ್ಳುವವನ ಕಣ್ಣನ್ನು ಮೊದಲು ಸೆಳೆಯಬೇಕೆಂಬ ಈ ಪಾಠವನ್ನು ಅವನು ಜೀವಮಾನವಿಡೀ ಮರೆಯಲಿಲ್ಲ.

ಇಪ್ಪತ್ತರ ವಯಸ್ಸಿನಲ್ಲಿ, 1878ರಲ್ಲಿ, ಅವನು ಟೋಕಿಯೋ ಮತ್ತು ಯೋಕೊಹಾಮಾ ನಗರಗಳನ್ನು ನೋಡಲು ಹೋದನು. ಯೋಕೊಹಾಮಾ ಆಗ ವಿದೇಶಿ ವ್ಯಾಪಾರಕ್ಕೆ ತೆರೆದ ಬಂದರು. ತನ್ನೂರಿನ ಕಡಲಿನಿಂದ ಬಂದ ಮುತ್ತಿಗೆ ಅಲ್ಲಿ ಎಂತಹ ಬೆಲೆಯಿದೆಯೆಂಬುದನ್ನು ಅವನು ಕಣ್ಣಾರೆ ಕಂಡನು. ಊರಿಗೆ ಮರಳಿ ಕಡಲ ಸರಕಿನ ವ್ಯಾಪಾರಕ್ಕೆ ಕೈಹಾಕಿದ ಮೇಲೆ ಮತ್ತೊಂದು ಸಂಗತಿಯೂ ತಿಳಿಯಿತು. ಬೆಲೆ ಏರಿದಂತೆಲ್ಲ ಜನರು ಎಳೆಯ ಚಿಪ್ಪುಗಳನ್ನೂ ಬಿಡದೆ ಬಾಚುತ್ತಿದ್ದರು. ಆಗೊ ಕೊಲ್ಲಿಯ ಚಿಪ್ಪುಗಳ ಸಂತತಿಯೇ ಅಳಿಯುವ ಸ್ಥಿತಿಯಲ್ಲಿತ್ತು. 1888ರಲ್ಲಿ ಅವನು ಆ ಕೊಲ್ಲಿಯ ಒಂದು ಮೂಲೆಯಲ್ಲಿ ಚಿಪ್ಪುಗಳನ್ನು ಸಾಕತೊಡಗಿದನು. ಆಗ ಅವನ ಉದ್ದೇಶ ಚಿಪ್ಪಿನ ಸಂತತಿಯನ್ನು ಉಳಿಸುವುದಷ್ಟೇ.

ಇಲ್ಲಿ ವಾಚಕರು ಒಂದು ವಿಷಯವನ್ನು ಗಮನಿಸಬೇಕು. ಜಪಾನಿನಲ್ಲಿ ದಡದ ಪಕ್ಕದ ಕಡಲು ಬಹುಕಾಲದಿಂದ ಆಯಾ ಹಳ್ಳಿಯ ಸಮುದಾಯಕ್ಕೆ ಸೇರಿದ್ದೆಂಬ ಪದ್ಧತಿಯಿತ್ತು. ನಮ್ಮಲ್ಲಿ ಗೋಮಾಳ ಹೇಗೋ ಅಲ್ಲಿ ಹಳ್ಳಿಯ ಕಡಲು ಹಾಗೆ. 1901ರ ಮೀನುಗಾರಿಕೆ ಕಾಯಿದೆಯು ಈ ರೂಢಿಯ ಹಕ್ಕುಗಳಿಗೆ ಲಿಖಿತ ರೂಪ ಕೊಟ್ಟಿತು. ಗೊತ್ತಾದ ಎಲ್ಲೆಯೊಳಗೆ ಜಲಜೀವಿಗಳನ್ನು ಸಾಕುವ ಪ್ರತ್ಯೇಕ ಹಕ್ಕನ್ನೂ ಮಾನ್ಯಮಾಡಿತು. ಚಿಪ್ಪನ್ನು ಸಾಕಬೇಕಾದರೆ ಬೇರೆಯವರು ಅದನ್ನು ಮುಟ್ಟದಂತೆ ಕಡಲಿಗೆ ಬೇಲಿ ಬೇಕು. ಮಿಕಿಮೊಟೊ ಹಳ್ಳಿಗಳಿಂದ ಕಡಲನ್ನು ಗುತ್ತಿಗೆ ಹಿಡಿಯುತ್ತ ಹೋದನು. ಮುಂದೆ ಬೇರೆಯವರ ಕಡಲ ಹಕ್ಕನ್ನು ಬಡವಾಗಿಸಿದ ಈ ಉದ್ಯಮವು ತಾನು ನಿಂತದ್ದು ಕಡಲ ಹಕ್ಕಿನ ಮೇಲೆಯೇ.

1890ರಲ್ಲಿ ಟೋಕಿಯೋದ ಔದ್ಯೋಗಿಕ ಪ್ರದರ್ಶನದ ಸಮಯದಲ್ಲಿ ಅವನಿಗೆ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕನಾದ ಕಾಕಿಚಿ ಮಿತ್ಸುಕುರಿಯ ಪರಿಚಯವಾಯಿತು. ಚಿಪ್ಪಿನ ಒಡಲಿಗೆ ಅನ್ಯವಸ್ತು ಸೇರಿದಾಗ ಅದರ ಸುತ್ತ ಹೊಳೆಯುವ ಪದರಗಳು ಕಟ್ಟಿಕೊಂಡು ಮುತ್ತಾಗುವುದೆಂದೂ, ಮಾನವನೇ ಅಂತಹ ವಸ್ತುವನ್ನು ಇಟ್ಟರೆ ಫಲ ದೊರೆಯಬಹುದೆಂದೂ ಅವನಿಂದ ತಿಳಿಯಿತು. ಈ ಕಲ್ಪನೆ ಹೊಸತೇನಲ್ಲ. ಚೀನಾದವರು ಶತಮಾನಗಳ ಹಿಂದೆಯೇ ಸಿಹಿನೀರಿನ ಚಿಪ್ಪುಗಳೊಳಗೆ ಪುಟ್ಟ ಬುದ್ಧನ ಅಚ್ಚುಗಳನ್ನಿಟ್ಟು ಮುತ್ತಿನ ಲೇಪ ಪಡೆಯುತ್ತಿದ್ದರು. ಮಿಕಿಮೊಟೊ ಈ ಕೆಲಸವನ್ನು ಉಪ್ಪುನೀರಿನ ಚಿಪ್ಪಿನಲ್ಲಿ ಮಾಡಲು ಹೊರಟನು. 1892ರಲ್ಲಿ ಕಡಲು ಕೆಂಪಾಗುವ ಉಪದ್ರವ ಬಂದಿತು. ಸೂಕ್ಷ್ಮಜೀವಿಗಳು ಲೆಕ್ಕವಿಲ್ಲದೆ ಹೆಚ್ಚಿ ನೀರನ್ನು ಕೆಡಿಸುವ ಈ ಪಿಡುಗಿನಲ್ಲಿ ಆಗೊ ಕೊಲ್ಲಿಯ ಚಿಪ್ಪುಗಳು ಸತ್ತವು. ಟೋಬಾದ ಬಳಿಯ ಪುಟ್ಟ ದ್ವೀಪದಲ್ಲಿ ಇಟ್ಟಿದ್ದವು ಮಾತ್ರ ಉಳಿದವು. 1893ರ ಜುಲೈ 11ರಂದು ಅವನೂ ಅವನ ಪತ್ನಿ ಉಮೆಯೂ ಅಲ್ಲಿಯ ಚಿಪ್ಪೊಂದನ್ನು ತೆರೆದಾಗ ಅರ್ಧಗೋಲಾಕಾರದ ಮುತ್ತು ಕಂಡಿತು. 1896ರಲ್ಲಿ ಇದಕ್ಕೆ ಪೇಟೆಂಟು ದೊರೆಯಿತು. ಕಷ್ಟದ ದಿನಗಳಲ್ಲಿ ಹೆಗಲು ಕೊಟ್ಟ ಉಮೆ ಅದೇ ವರ್ಷ ಐವರು ಮಕ್ಕಳನ್ನು ಬಿಟ್ಟು ತೀರಿಕೊಂಡಳು. 1899ರಲ್ಲಿ ಟೋಕಿಯೋದ ಗಿಂಜಾ ಬೀದಿಯಲ್ಲಿ ಅವನ ಮುತ್ತಿನ ಅಂಗಡಿ ತೆರೆಯಿತು.

ಜಪಾನಿನ ಕೊಲ್ಲಿಯಲ್ಲಿ ಇದು ನಡೆಯುತ್ತಿದ್ದಾಗ ಜಗತ್ತಿನ ಮುತ್ತೆಲ್ಲ ಬರುತ್ತಿದ್ದುದು ಬೇರೆ ಕಡಲುಗಳಿಂದ. ಅವುಗಳಲ್ಲಿ ಮುಖ್ಯವಾದವು ಎರಡು: ಭಾರತ ಮತ್ತು ಸಿಂಹಳಗಳ ನಡುವಣ ಮನ್ನಾರ್ ಕೊಲ್ಲಿ, ಇನ್ನೊಂದು ಪರ್ಷಿಯನ್ ಕೊಲ್ಲಿಯ ಅರಬ್ ತೀರ. ಈ ನೆಲೆಗಳ ಹಕ್ಕಿನ ಸ್ವರೂಪವನ್ನು ತಿಳಿಯದಿದ್ದರೆ ಮಿಕಿಮೊಟೊ ಮಾಡಿದ್ದರ ಪರಿಣಾಮವೂ ತಿಳಿಯದು. ಹಾಲೆಂಡಿನ ಗ್ರೋಷಿಯಸ್ 1609ರಲ್ಲಿ ಕಡಲು ಎಲ್ಲರಿಗೂ ತೆರೆದದ್ದೆಂದು ವಾದಿಸಿದ್ದನು. ಆದರೆ 1758ರಲ್ಲಿ ಸ್ವಿಟ್ಸರ್‌ಲೆಂಡಿನ ವ್ಯಾಟೆಲ್ ರಾಷ್ಟ್ರಗಳ ನ್ಯಾಯವನ್ನು ಕುರಿತು ಬರೆದಾಗ, ಬಹರೇನ್ ಮತ್ತು ಸಿಂಹಳದ ಮುತ್ತಿನ ನೆಲೆಗಳು ಸ್ವತ್ತಾಗಬಲ್ಲವೆಂದು ಒಪ್ಪಿಕೊಂಡನು. ಇದರ ಹಿಂದಿನ ತರ್ಕ ಸರಳವಾದುದು. ಮೀನು ಈಜಿಕೊಂಡು ಹೋಗುತ್ತದೆ, ಅದಕ್ಕೆ ಒಡೆಯನಿಲ್ಲ. ಚಿಪ್ಪು ಬಂಡೆಗೆ ಅಂಟಿ ಒಂದೇ ಕಡೆ ಕೂತಿರುತ್ತದೆ. ಮಿತಿಮೀರಿ ತೆಗೆದರೆ ಮುಗಿದುಹೋಗುತ್ತದೆ. ಆದುದರಿಂದ ಅನಾದಿಯಿಂದ ಅದನ್ನು ಕಾಯ್ದು ತೆಗೆದುಕೊಂಡು ಬಂದವರಿಗೆ, ಮರದ ಹಣ್ಣಿನ ಮೇಲೆ ಇರುವಂತೆ, ಅದರ ಮೇಲೆ ಹಕ್ಕಿದೆ.

ಮನ್ನಾರ್ ಕೊಲ್ಲಿಯಲ್ಲಿ ಈ ಹಕ್ಕು ಸರ್ಕಾರದ ಕೈ ಸೇರಿತ್ತು. ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಒಬ್ಬರಾದ ಮೇಲೊಬ್ಬರು ಅದನ್ನು ಅನುಭವಿಸಿದರು. 1811ರಲ್ಲಿ ಸಿಂಹಳದ ಬ್ರಿಟಿಷ್ ಸರ್ಕಾರವು ಮುತ್ತಿನ ನೆಲೆಗಳ ಬಳಿ ಕಾರಣವಿಲ್ಲದೆ ಸುಳಿದಾಡುವ ದೋಣಿಗಳನ್ನು ಮುಟ್ಟುಗೋಲು ಹಾಕಿಕೊಳ್ಳುವ ಶಾಸನವನ್ನು ಮಾಡಿತು. ಮುಳುಗುಗಾರರು ತಂದ ಚಿಪ್ಪಿನಲ್ಲಿ ಮೂರರಲ್ಲಿ ಎರಡು ಪಾಲು ಸರ್ಕಾರಕ್ಕೆ. ಪ್ರಾಣವನ್ನು ಪಣವಿಟ್ಟು ಮುಳುಗಿದವರಿಗೆ ಒಂದು ಪಾಲು. 1905ರ ಸುಗ್ಗಿಯಲ್ಲಿ ಸುಮಾರು 8 ಕೋಟಿ ಚಿಪ್ಪುಗಳು ಬಂದವು. ಈ ಐಶ್ವರ್ಯವನ್ನು ಕಂಡು ಲಂಡನ್ನಿನ ಕಂಪನಿಯೊಂದು 1906ರಲ್ಲಿ ಆ ನೆಲೆಗಳನ್ನು 20 ವರ್ಷಗಳಿಗೆ ಗುತ್ತಿಗೆ ಹಿಡಿಯಿತು. ಮುಂದಿನ ವರ್ಷದ ನಂತರ ಚಿಪ್ಪುಗಳೇ ಮಾಯವಾದವು. ಕಾಗದದ ಮೇಲೆ ಹಕ್ಕು ಭದ್ರವಾಗಿತ್ತು. ಕಡಲ ತಳ ಬರಿದಾಗಿತ್ತು. ಅಲ್ಲಿ ಮತ್ತೆ ಮುತ್ತು ತೆಗೆದುದು 1925ರಲ್ಲಿ.

ಪರ್ಷಿಯನ್ ಕೊಲ್ಲಿಯ ಪದ್ಧತಿ ಬೇರೆ. ಅರಬ್ ತೀರದ ನೆಲೆಗಳು ಆ ತೀರದ ಎಲ್ಲ ಬುಡಕಟ್ಟುಗಳಿಗೂ ಸಾಮಾನ್ಯವಾದ ಸ್ವತ್ತು. ಬಹರೇನಿನವನು ಕತಾರಿನ ಎದುರಿನಲ್ಲಿಯೂ, ಕುವೈತಿನವನು ಬಹರೇನಿನ ಎದುರಿನಲ್ಲಿಯೂ ಮುಳುಗಬಹುದು; ಹೊರಗಿನವರು ಮಾತ್ರ ಬರಕೂಡದು. ಭಾರತದ ಬ್ರಿಟಿಷ್ ಸರ್ಕಾರ ಹೊರತಂದ ಕೊಲ್ಲಿಯ ಗ್ಯಾಸೆಟಿಯರಿನಲ್ಲಿ ಲೋರಿಮರ್ ಎಂಬ ಅಧಿಕಾರಿಯು ಕೊಟ್ಟ ಲೆಕ್ಕದಂತೆ, ಸುಮಾರು 4,500 ದೋಣಿಗಳೂ 74,000 ಜನರೂ ಈ ಕಸುಬಿನಲ್ಲಿದ್ದರು. ಬೇಸಗೆಯ ನಾಲ್ಕು ತಿಂಗಳು ಅವರು ಕಡಲಿನಲ್ಲಿಯೇ ಇರುತ್ತಿದ್ದರು. ಮೂಗಿಗೆ ಕೊಂಬಿನ ಚಿಮಟ, ಕಾಲಿಗೆ ಕಲ್ಲು, ಕೊರಳಿಗೆ ಬುಟ್ಟಿ. ಮೇಲೆ ಹಗ್ಗ ಹಿಡಿದು ಕುಳಿತ ಒಬ್ಬ ಸಂಗಾತಿ. ಯುರೋಪಿನ ಸಾಹಸಿಗರು ಗಾಳಿಕೊಳವೆಯ ಮುಳುಗುಡುಪಿನೊಡನೆ ಅಲ್ಲಿಗೆ ಬರಲು ಹವಣಿಸಿದಾಗ ಶೇಖರು ವಿರೋಧಿಸಿದರು. ಬ್ರಿಟಿಷರೂ ಅವಕಾಶ ಕೊಡಲಿಲ್ಲ. ಅದರಲ್ಲಿ ಅರಬರ ಹಿತದಷ್ಟೇ ತಮ್ಮ ಪ್ರಾಬಲ್ಯದ ಚಿಂತೆಯೂ ಇತ್ತೆಂಬುದು ಸ್ಪಷ್ಟ. ಹೇಗಾದರಾಗಲಿ, ನೆಲೆ ಉಳಿಯಿತು. ಅಲ್ಲಿಯ ಮುತ್ತು ಮುಂಬಯಿಯ ವರ್ತಕರ ಕೈಸೇರಿ, ಅಲ್ಲಿಂದ ಪ್ಯಾರಿಸ್ಸಿಗೂ ಲಂಡನ್ನಿಗೂ ಹೋಗುತ್ತಿತ್ತು.

ಆದರೆ ಈ ಹಳೆಯ ವ್ಯವಸ್ಥೆಯನ್ನು ಸುವರ್ಣಯುಗವೆಂದು ಭಾವಿಸಲಾಗದು. ಮುಳುಗುಗಾರನು ದೋಣಿಯ ಯಜಮಾನನಿಂದ ಮುಂಗಡ ಪಡೆಯುತ್ತಿದ್ದನು. ಯಜಮಾನನು ವರ್ತಕನಿಂದ ಪಡೆಯುತ್ತಿದ್ದನು. ಸುಗ್ಗಿ ಮುಗಿದರೂ ಸಾಲ ಮುಗಿಯುತ್ತಿರಲಿಲ್ಲ. ತಂದೆ ಸತ್ತರೆ ಮಗನು ಆ ಸಾಲಕ್ಕಾಗಿ ಮುಳುಗಬೇಕಾಗುತ್ತಿತ್ತು. ಕಡಲ ತಳದ ಮೇಲೆ ಬುಡಕಟ್ಟಿಗೆ ಹಕ್ಕಿತ್ತು. ಮುಳುಗುವವನಿಗೆ ತನ್ನ ದುಡಿಮೆಯ ಮೇಲೆ ಹಕ್ಕಿರಲಿಲ್ಲ. ಬಹರೇನಿನಲ್ಲಿ 1920ರ ದಶಕದಲ್ಲಿ ಲೆಕ್ಕಪುಸ್ತಕಗಳನ್ನು ಕಡ್ಡಾಯಮಾಡಿ ಈ ಸಾಲಕ್ಕೆ ಕಡಿವಾಣ ಹಾಕುವ ಸುಧಾರಣೆಗಳು ನಡೆದವು. ಆದರೆ ಅಷ್ಟರಲ್ಲಿ ಜಪಾನಿನ ಮುತ್ತು ಹೊರಟಿತ್ತು.

ಅರ್ಧಮುತ್ತಿನಿಂದ ಪೂರ್ಣ ದುಂಡುಮುತ್ತಿಗೆ ಬರಲು ಮಿಕಿಮೊಟೊಗೆ ಬಹಳ ವರ್ಷಗಳು ಹಿಡಿದವು. 1905ರಲ್ಲಿ ಮತ್ತೊಮ್ಮೆ ಕೆಂಪುನೀರು ಬಂದು ಲಕ್ಷಗಟ್ಟಲೆ ಚಿಪ್ಪುಗಳು ಸತ್ತಾಗ, ಕೊಳೆತ ಆ ರಾಶಿಯನ್ನು ಬಗೆದು ನೋಡಿ ಅದರಲ್ಲಿಯೇ ಕೆಲವು ದುಂಡುಮುತ್ತುಗಳನ್ನು ಕಂಡು ಧೈರ್ಯ ತಂದುಕೊಂಡನಂತೆ. ಈ ವಿದ್ಯೆಯ ಕೀರ್ತಿಯನ್ನೆಲ್ಲ ಅವನೊಬ್ಬನಿಗೇ ಕೊಡುವುದು ನ್ಯಾಯವಲ್ಲ. ತತ್ಸುಹೆಯ್ ಮಿಸೆ ಎಂಬ ಬಡಗಿಯೂ, ಮಿಕಿಮೊಟೊನ ಅಳಿಯನೇ ಆದ ತೊಕಿಚಿ ನಿಶಿಕಾವಾ ಎಂಬ ವಿಜ್ಞಾನಿಯೂ 1907ರ ಸುಮಾರಿಗೆ ಒಂದು ಚಿಪ್ಪಿನ ಚರ್ಮದ ಚೂರನ್ನು ಬೀಜದೊಡನೆ ಇನ್ನೊಂದು ಚಿಪ್ಪಿನ ಒಡಲಿನಲ್ಲಿ ಇಡುವ ಕ್ರಮವನ್ನು ಕಂಡುಕೊಂಡಿದ್ದರು. ಕೊನೆಗೆ ಜಗತ್ತಿನಲ್ಲೆಲ್ಲ ನಿಂತದ್ದು ಆ ಕ್ರಮವೇ. ಮಿಕಿಮೊಟೊ ತನ್ನದೇ ಬೇರೆ ಕ್ರಮಕ್ಕೆ 1916ರಲ್ಲಿ ಪೇಟೆಂಟು ಪಡೆದನು. ಆದರೆ ಸಾವಿರಾರು ಚಿಪ್ಪುಗಳನ್ನು ತೆಪ್ಪಗಳಿಂದ ತೂಗುಬಿಟ್ಟು, ರೋಗ ಮತ್ತು ಚಳಿಯಿಂದ ಕಾಪಾಡಿ, ವರ್ಷಾನುಗಟ್ಟಲೆ ಕಾದು, ಅದನ್ನೊಂದು ದೊಡ್ಡ ಉದ್ಯಮವಾಗಿಸಿದ ಛಲ ಅವನದು. ಚಿಪ್ಪುಗಳನ್ನು ತಳದಿಂದ ತರಲು ಆ ತೀರದಲ್ಲಿ ಅನಾದಿಯಿಂದ ಮುಳುಗುತ್ತಿದ್ದ ಸ್ತ್ರೀಯರ ನೆರವೂ ಅವನಿಗೆ ದೊರೆತಿತ್ತು.

1919ರಲ್ಲಿ ಅವನ ದುಂಡುಮುತ್ತುಗಳು ಲಂಡನ್ನಿನ ಪೇಟೆಗೆ ಬಂದವು. ಬೆಲೆ ಸಹಜ ಮುತ್ತಿಗಿಂತ ಕಡಿಮೆ. 1921ರಲ್ಲಿ ಅಲ್ಲಿಯ ಪತ್ರಿಕೆಗಳಲ್ಲಿ ದೊಡ್ಡ ಕೋಲಾಹಲವೆದ್ದಿತು. ಕತ್ತರಿಸಿ ನೋಡದೆ ಎರಡನ್ನೂ ಬೇರ್ಪಡಿಸುವುದು ಪರಿಣತ ವರ್ತಕರಿಂದಲೂ ಆಗುತ್ತಿರಲಿಲ್ಲ. ಇದು ಮೋಸವೆಂದು ವರ್ತಕರು ದೂರಿದರು. ಫ್ರಾನ್ಸಿನ ವರ್ತಕರೂ ಇದೇ ಮಾತನ್ನು ಹಿಡಿದರು. ವಿವಾದವು ಪ್ಯಾರಿಸ್ಸಿನ ನ್ಯಾಯಾಲಯವನ್ನು ಮುಟ್ಟಿತು. ಲೂಯಿ ಬೂತಾಂ ಮೊದಲಾದ ವಿಜ್ಞಾನಿಗಳು, ಎರಡೂ ಚಿಪ್ಪಿನ ಜೀವವೇ ಸ್ರವಿಸಿದ ಒಂದೇ ವಸ್ತುವಿನಿಂದ ಆದವೆಂದು ಅಭಿಪ್ರಾಯಪಟ್ಟರು. 1924ರಲ್ಲಿ ತೀರ್ಪು ಮಿಕಿಮೊಟೊನ ಪರವಾಗಿ ಬಂದಿತು. ಬೆಳೆಸಿದ ಮುತ್ತು ನಕಲಿ ಮುತ್ತಲ್ಲವೆಂದು ಇತ್ಯರ್ಥವಾಯಿತು. ಅದೇ ವರ್ಷ ಅವನು ಜಪಾನಿನ ಮೇಲ್ಮನೆಯ ಸದಸ್ಯನೂ ಆದನು.

ನನ್ನ ಭಾವನೆಯಲ್ಲಿ ಈ ಕಥೆಯ ತಿರುಳು ಈ ತೀರ್ಪಿನಲ್ಲಿದೆ. ಆ ನ್ಯಾಯಾಲಯದಲ್ಲಿ ವಾದಿಸಿದವರು ವರ್ತಕರು; ವಿಚಾರಣೆಗೆ ಬಂದ ಪ್ರಶ್ನೆ ಕೊಳ್ಳುವವನಿಗೆ ಮೋಸವಾಯಿತೇ ಎಂಬುದು. ಬಹರೇನಿನ ಮುಳುಗುಗಾರನಾಗಲಿ ಮನ್ನಾರ್ ತೀರದ ಪರವನಾಗಲಿ ಅಲ್ಲಿ ಕಕ್ಷಿದಾರನಾಗಿರಲಿಲ್ಲ, ಆಗುವಂತೆಯೂ ಇರಲಿಲ್ಲ. ಏಕೆಂದರೆ ಅವನ ಹಕ್ಕು ಒಂದು ಸ್ಥಳಕ್ಕೆ ಸೇರಿದ ಹಕ್ಕು. ಆ ಸ್ಥಳಕ್ಕೆ ಯಾರೂ ನುಗ್ಗಿರಲಿಲ್ಲ. ಪರದೇಶದ ದೋಣಿ ಬಂದಿದ್ದರೆ ತಡೆಯಬಹುದಾಗಿತ್ತು. ಪರದೇಶದ ಬೆಲೆ ಬಂದರೆ ಅದನ್ನು ತಡೆಯಲು ಯಾವ ಕಾವಲುದೋಣಿ ಇದೆ?

ಪರಿಣಾಮ ಬೇಗನೆ ಕಂಡಿತು. 1929ರ ನಂತರ ಜಗತ್ತಿನಲ್ಲೆಲ್ಲ ಆರ್ಥಿಕ ಕುಸಿತ ಉಂಟಾಗಿ ಒಡವೆ ಕೊಳ್ಳುವವರು ಕಡಿಮೆಯಾದರು. ಅದೇ ಸಮಯಕ್ಕೆ ಜಪಾನಿನ ಮುತ್ತು ಅಗ್ಗವಾಗಿ ಹೇರಳವಾಗಿ ಬಂದಿತು. 1935ರ ವೇಳೆಗೆ ಅಲ್ಲಿ ಸುಮಾರು 350 ಮುತ್ತಿನ ಸಾಕಣೆಗಳಿದ್ದು, ವರ್ಷಕ್ಕೆ ಒಂದು ಕೋಟಿಯಷ್ಟು ಮುತ್ತು ಬೆಳೆಯುತ್ತಿದ್ದವು. ಮಿಕಿಮೊಟೊಗೆ ಸ್ವದೇಶದ ಪೈಪೋಟಿಯೇ ತಲೆನೋವಾಯಿತು. ಕೀಳು ಮುತ್ತುಗಳಿಂದ ಹೆಸರು ಕೆಡುವುದೆಂದು 1932ರಲ್ಲಿ ಕೋಬೆ ನಗರದಲ್ಲಿ ರಾಶಿರಾಶಿ ಕೀಳು ಮುತ್ತನ್ನು ಬಹಿರಂಗವಾಗಿ ಸುಟ್ಟುಹಾಕಿದನು. ಇತ್ತ ಕೊಲ್ಲಿಯಲ್ಲಿ ವರ್ತಕರು ದಿವಾಳಿಯೆದ್ದರು. ದೋಣಿಗಳು ದಡ ಸೇರಿದವು. ಬಹರೇನಿನಲ್ಲಿ 1932ರಲ್ಲಿ ಎಣ್ಣೆ ದೊರೆತುದರಿಂದ ಕೆಲಸ ಕಳೆದುಕೊಂಡವರಲ್ಲಿ ಕೆಲವರು ಅದನ್ನು ಹಿಡಿದರು. ಎಣ್ಣೆ ತಡವಾಗಿ ಬಂದ ಕಡೆಗಳಲ್ಲಿ ಜನರು ಹಸಿವೆಯ ದಿನಗಳನ್ನು ಕಂಡರು. ಬೆಳೆಸಿದ ಮುತ್ತಿನ ವ್ಯಾಪಾರವನ್ನು ಬಹರೇನ್ ಕಾಯಿದೆಯಿಂದ ನಿಷೇಧಿಸಿತು. ಆದರೆ ಆ ಕಾಯಿದೆ ಪ್ಯಾರಿಸ್ಸಿನ ಅಂಗಡಿಯನ್ನು ಮುಟ್ಟಲಾರದು.

ಇನ್ನೊಂದು ಪ್ರಸಂಗವನ್ನು ಹೇಳದಿದ್ದರೆ ಲೇಖನ ಅಪೂರ್ಣವಾದೀತು. ಮಿಕಿಮೊಟೊನ ನೆರೆಯ ವಾಕಯಾಮಾ ಪ್ರಾಂತದ ಮುಳುಗುಗಾರರು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಆಸ್ಟ್ರೇಲಿಯದ ಉತ್ತರ ಕಡಲುಗಳಲ್ಲಿ ದುಡಿಯುತ್ತಿದ್ದರು. ಅಲ್ಲಿ ಮುಖ್ಯವಾಗಿ ಬೇಕಾಗಿದ್ದುದು ಗುಂಡಿ ಮಾಡುವ ಹೊಳೆಯುವ ಚಿಪ್ಪು. ಯುದ್ಧಾನಂತರ ಜಪಾನಿನ ದೋಣಿಗಳು ಅರಫುರಾ ಕಡಲಿಗೆ ಮರಳಿದಾಗ ಆಸ್ಟ್ರೇಲಿಯ ಸರ್ಕಾರವು 1953ರ ಸೆಪ್ಟೆಂಬರಿನಲ್ಲಿ ತನ್ನ ಖಂಡದ ಅಂಚಿನ ಕಡಲತಳವೆಲ್ಲ ತನ್ನದೆಂದು ಘೋಷಿಸಿತು. ಜಪಾನು ಕಡಲಿನ ಸ್ವಾತಂತ್ರ್ಯವನ್ನು ಮುಂದಿಟ್ಟು ಪ್ರತಿಭಟಿಸಿತು. ತನ್ನ ಕೊಲ್ಲಿಗಳಲ್ಲಿ ಅಂಗುಲ ಅಂಗುಲಕ್ಕೂ ಹಕ್ಕಿನ ಬೇಲಿ ಹಾಕಿದ್ದ ದೇಶವು ಪರರ ತೀರದಲ್ಲಿ ಗ್ರೋಷಿಯಸನ ಶಿಷ್ಯನಾಯಿತು. ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗುವ ಮಾತಾಯಿತು. ತಾತ್ಕಾಲಿಕ ಒಪ್ಪಂದವಾಗಿ ಮೊಕದ್ದಮೆ ನಡೆಯಲೇ ಇಲ್ಲ. 1958ರ ಜಿನೀವಾ ಒಡಂಬಡಿಕೆಯೂ, 1982ರ ಸಮುದ್ರ ಕಾನೂನಿನ ಒಡಂಬಡಿಕೆಯೂ ತಳಕ್ಕೆ ಅಂಟಿಕೊಂಡ ಜೀವಿಗಳು ತೀರದ ದೇಶಕ್ಕೆ ಸೇರಿದವೆಂದು ಒಪ್ಪಿದವು. ಕಾನೂನಿನಲ್ಲಿ ಆಸ್ಟ್ರೇಲಿಯ ಗೆದ್ದಿತು. ಆದರೆ ಆ ವೇಳೆಗೆ ಪ್ಲಾಸ್ಟಿಕ್ ಗುಂಡಿ ಬಂದು ಚಿಪ್ಪಿನ ಗುಂಡಿಯ ಪೇಟೆಯನ್ನೇ ಕಸಿದುಕೊಂಡಿತ್ತು.

ಈ ವಿವಾದ ತೀರುವ ಮೊದಲೇ, 1954ರ ಸೆಪ್ಟೆಂಬರ್ 21ರಂದು, ಮಿಕಿಮೊಟೊ ತನ್ನ 96ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಇವನನ್ನು ಹೇಗೆ ಅಳೆಯಬೇಕು? ನಾನು ಗುಳೇದಗುಡ್ಡದ ನೇಕಾರರ ಮನೆಯವನು. ಅಪ್ಪ ಕೈಮಗ್ಗದಲ್ಲಿ ಕಣ ನೇಯ್ದವನು. ಕೈಮಗ್ಗಕ್ಕೆಂದೇ ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಡುವ ಕಾಯಿದೆ ನಮ್ಮ ದೇಶದಲ್ಲಿ 1985ರಲ್ಲಿ ಬಂದಿತು. ಆದರೂ ಯಂತ್ರದ ಬಟ್ಟೆ ಸಂತೆಗೆ ಬಂದ ಮೇಲೆ ನಮ್ಮ ಓಣಿಯಲ್ಲಿ ಒಂದೊಂದೇ ಮಗ್ಗದ ಸದ್ದು ನಿಂತಿತು. ಆದುದರಿಂದ ಬಹರೇನಿನ ದಡದಲ್ಲಿ ಕವುಚಿ ಹಾಕಿದ ದೋಣಿಯ ಚಿತ್ರ ನನಗೆ ಪರಕೀಯವೆನಿಸುವುದಿಲ್ಲ. ಹಾಗೆಂದು ಮಿಕಿಮೊಟೊನನ್ನು ದೂಷಿಸಲೂ ಮನಸ್ಸು ಬಾರದು. ಬಡವರ ಮನೆಯ ಮಗ ಅವನು. ಯಾರ ನೆಲೆಯನ್ನೂ ಕದಿಯಲಿಲ್ಲ. ರಾಣಿಯರ ಕೊರಳಿನ ಒಡವೆಯನ್ನು ಸಾಮಾನ್ಯ ಗೃಹಿಣಿಯ ಕೈಗೆಟುಕಿಸಿದನು. ತಂದೆಯ ಸಾಲಕ್ಕೆ ಮಗನನ್ನು ಮುಳುಗಿಸುತ್ತಿದ್ದ ವ್ಯವಸ್ಥೆ ಉಳಿಯಬೇಕಾಗಿತ್ತೆಂದು ಯಾರೂ ಹೇಳಲಾರರು. ನನಗೆ ತೋರುವುದಿಷ್ಟೇ: ಸ್ಥಳದ ಮೇಲಿನ ಹಕ್ಕು ಕಸುಬಿನವನ ಅನ್ನಕ್ಕೆ ಅರ್ಧ ರಕ್ಷೆ. ಉಳಿದ ಅರ್ಧವು ಹೊಸ ವಿದ್ಯೆ ಅವನ ಕೈಗೂ ಸಿಕ್ಕುವುದರಲ್ಲಿದೆ. ಯುದ್ಧಾನಂತರ ಜಪಾನು ಮುತ್ತು ಬೆಳೆಯುವ ಗುಟ್ಟನ್ನು ಪರರಿಗೆ ಕಲಿಸದಂತೆ ನೋಡಿಕೊಂಡಿತು. ಗುಟ್ಟನ್ನು ಕಾಯುವವರಿಗೂ ಈ ಸತ್ಯ ಗೊತ್ತಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ತೂತ್ತುಕುಡಿಯ ಕಡಲಿನಲ್ಲಿ ಸರ್ಕಾರದ ಮುತ್ತಿನ ಸುಗ್ಗಿ ಕೊನೆಯದಾಗಿ ನಡೆದುದು 1961ರಲ್ಲಿ. ಅದೇ ಊರಿನಲ್ಲಿ 1973ರಲ್ಲಿ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತಮ್ಮದೇ ಪ್ರಯತ್ನದಿಂದ ದುಂಡುಮುತ್ತನ್ನು ಬೆಳೆಸಿದರು. ಬಹರೇನಿನ ಹಳೆಯ ಮುತ್ತಿನ ನೆಲೆಗಳಲ್ಲಿ ಮೂರನ್ನು, ಮುಹರ್ರಕ್ ಊರಿನ ವರ್ತಕರ ಮನೆಗಳ ಜೊತೆಗೆ, 2012ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಟೋಬಾದ ಆ ಪುಟ್ಟ ದ್ವೀಪಕ್ಕೆ ಈಗ ಮಿಕಿಮೊಟೊನ ಹೆಸರಿದೆ. ಬಿಳಿಯುಡುಪಿನ ಸ್ತ್ರೀಯರು ಅಲ್ಲಿ ಪ್ರವಾಸಿಗರಿಗಾಗಿ ಮುಳುಗಿ ತೋರಿಸುತ್ತಾರೆ.